ವಾರಕ್ಕೆ 208 ಗಂಟೆಯ ಕ್ಷೇಮಪಾಲನೆ

ವಿಶ್ವವಿದ್ಯಾಲಯದ ಕಡತಗಳಲ್ಲಿ ಹಾಸ್ಟೆಲ್ ವಾರ್ಡನ್ನನಿಗೆ ‘ಕ್ಷೇಮಪಾಲಕ’ ಎಂಬ ಸೊಗಸಾದ ಹೆಸರಿದೆ. ಯಾರ ಕ್ಷೇಮ ಎಂಬುದನ್ನು ಆ ಪದ ಬಿಡಿಸಿ ಹೇಳುವುದಿಲ್ಲವಾದರೂ, ಪಾಲಕನ ಕ್ಷೇಮವಂತೂ ಅದರಲ್ಲಿ ಸೇರಿಲ್ಲ ಎಂಬುದು ನನಗೆ ಮೊದಲ ವಾರದಲ್ಲಿಯೇ ಮನವರಿಕೆಯಾಯಿತು. ನನ್ನನ್ನು ಆ ಪದವಿಗೇರಿಸಿದ ಆದೇಶ ಐದೇ ಸಾಲಿನದು. ಬೋಧನೆಗೆ ಯಾವುದೇ ಚ್ಯುತಿ ಬಾರದಂತೆ, ಮುಂದಿನ ಆದೇಶದವರೆಗೆ, ಪುರುಷರ ವಿದ್ಯಾರ್ಥಿನಿಲಯದ ಹೆಚ್ಚುವರಿ ಪ್ರಭಾರವನ್ನು ವಹಿಸಿಕೊಂಡು ನಿಲಯದ ಆವರಣದಲ್ಲಿಯೇ ವಾಸಿಸತಕ್ಕದ್ದು ಎಂದು ಅದರಲ್ಲಿತ್ತು.

‘ಹೆಚ್ಚುವರಿ’ ಎಂಬ ಮಾತಿನ ಲೆಕ್ಕವನ್ನು ನಾನು ಆಮೇಲೆ ಬಿಡುವಾಗಿ ಮಾಡಿ ನೋಡಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳ ಪ್ರಕಾರ ಅಧ್ಯಾಪಕನ ಕಾರ್ಯಭಾರ ವಾರಕ್ಕೆ 40 ಗಂಟೆಗಿಂತ ಕಡಿಮೆಯಿರಬಾರದು. ಅದೇ ಆಯೋಗದ 2009ರ ರ‍್ಯಾಗಿಂಗ್ ನಿಷೇಧ ನಿಯಮಗಳ ಪ್ರಕಾರ ವಾರ್ಡನ್ ಎಲ್ಲ ವೇಳೆಯಲ್ಲೂ ವಿದ್ಯಾರ್ಥಿಗಳ ಕೈಗೆ ಸಿಗುವಂತಿರಬೇಕು, ಅಂದರೆ ವಾರಕ್ಕೆ 168 ಗಂಟೆ. ಒಟ್ಟು 208 ಗಂಟೆ. ವಾರದಲ್ಲಿರುವ ಗಂಟೆಗಳಿಗಿಂತ 40 ಗಂಟೆ ಹೆಚ್ಚಾಗಿ ದುಡಿಯುವ ನೌಕರನನ್ನು ಒಂದೇ ಸಂಬಳದಲ್ಲಿ ಪಡೆದ ಸಂಸ್ಥೆ ನಮ್ಮದು ಎಂದು ಕುಲಸಚಿವರು ಹೆಮ್ಮೆಪಡಬಹುದಾಗಿತ್ತು. ಅವರು ಅದರ ಬದಲು ನನ್ನ ಕ್ವಾರ್ಟರ್ಸಿನ ನೀರಿನ ಶುಲ್ಕ ಬಾಕಿಯಿರುವ ಬಗ್ಗೆ ಜ್ಞಾಪನಾಪತ್ರ ಕಳುಹಿಸಿದರು.

2009ರ ಆ ನಿಯಮಗಳನ್ನು ಬರೆದವರು ಅರೆಮನಸ್ಸಿನವರಲ್ಲ. ನಿಲಯಕ್ಕೆ ಪೂರ್ಣಾವಧಿಯ ವಾರ್ಡನ್ ಇರಬೇಕು, ಆತ ನಿಲಯದೊಳಗೆ ಅಥವಾ ಅದಕ್ಕೆ ತೀರ ಹತ್ತಿರದಲ್ಲಿ ವಾಸಿಸಬೇಕು, ಶಿಸ್ತನ್ನು ಕಾಯುವ ಗಟ್ಟಿತನದ ಜೊತೆಗೆ ತರಗತಿಯ ಹೊರಗೆ ಯುವಕರೊಡನೆ ಮಾತಾಡಿ ಸಮಾಧಾನ ಹೇಳುವ ಮೃದುತನವೂ ಅವನಲ್ಲಿರಬೇಕು ಎಂದು ಅವರು ವಿಧಿಸಿದ್ದಾರೆ. ವಧುವರಾನ್ವೇಷಣೆಯ ಜಾಹೀರಾತಿನಲ್ಲಿಯೂ ಇಷ್ಟು ಗುಣಗಳನ್ನು ಒಟ್ಟಿಗೆ ಕೇಳುವುದನ್ನು ನಾನು ಕಂಡಿಲ್ಲ. ನಮ್ಮ ಆಡಳಿತವು ಈ ವಿಧಿಯನ್ನು ಓದಿ, ‘ಪೂರ್ಣಾವಧಿ’ ಎಂಬಲ್ಲಿ ‘ಹೆಚ್ಚುವರಿ’ ಎಂದು ತಿದ್ದಿಕೊಂಡು, ಉಳಿದದ್ದನ್ನು ಅಕ್ಷರಶಃ ಪಾಲಿಸಿತು.

ವಾರ್ಡನ್ನನಿಗೆ ಸಂಸ್ಥೆಯೇ ಮೊಬೈಲ್ ಫೋನ್ ಕೊಡಬೇಕು, ಅದರ ಸಂಖ್ಯೆಯನ್ನು ವಿದ್ಯಾರ್ಥಿಗಳಿಗೆಲ್ಲ ತಿಳಿಸಬೇಕು ಎಂಬ ಮಾತೂ ಅದೇ ನಿಯಮದಲ್ಲಿದೆ. ನಾನು ಇಂಡೆಂಟ್ ಸಲ್ಲಿಸಿದೆ. ಹಣಕಾಸು ವಿಭಾಗವು, ಅರ್ಜಿದಾರರ ಬಳಿ ಈಗಾಗಲೇ ಸ್ವಂತ ಫೋನ್ ಇದೆಯೇ, ಇದ್ದಲ್ಲಿ ಮತ್ತೊಂದರ ಅಗತ್ಯವೇನು ಎಂದು ಆಕ್ಷೇಪಣೆ ಬರೆದು ಕಡತವನ್ನು ಹಿಂತಿರುಗಿಸಿತು. ಸಂಖ್ಯೆಯನ್ನು ತಿಳಿಸುವ ಭಾಗವನ್ನು ಮಾತ್ರ ಆ ಹೊತ್ತಿಗಾಗಲೇ ಜಾರಿಗೊಳಿಸಿಯಾಗಿತ್ತು. ನನ್ನ ಸ್ವಂತ ಸಂಖ್ಯೆ ಮೆಸ್ಸಿನ ಗೋಡೆಯ ಮೇಲೆ, ಕೈತೊಳೆಯುವ ನಲ್ಲಿಯ ಪಕ್ಕದಲ್ಲಿ, ಕೆಂಪು ಬಣ್ಣದಲ್ಲಿ ರಾರಾಜಿಸುತ್ತಿತ್ತು.

ಕಾಗದದ ವಿಷಯದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ತಾನು ರ‍್ಯಾಗಿಂಗ್ ಮಾಡುವುದಿಲ್ಲವೆಂದು ಪ್ರತಿಯೊಬ್ಬ ವಿದ್ಯಾರ್ಥಿಯೂ, ಮಗ ಮಾಡುವುದಿಲ್ಲವೆಂದು ಪೋಷಕರೂ ಪ್ರತಿವರ್ಷ ಪ್ರಮಾಣಪತ್ರ ಬರೆದುಕೊಡಬೇಕು. ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಹೊಸಬರ ನಡುವೆ ಹೆಸರು ಹೇಳಬೇಕಿಲ್ಲದ ಸಮೀಕ್ಷೆ ನಡೆಯಬೇಕು. ಉದ್ದೇಶ ಒಳ್ಳೆಯದೇ, ರ‍್ಯಾಗಿಂಗಿನಿಂದ ಮಕ್ಕಳನ್ನು ಕಳೆದುಕೊಂಡ ದೇಶದಲ್ಲಿ ಇದನ್ನು ನಗೆಯಾಡುವ ಧೈರ್ಯ ನನಗಿಲ್ಲ. ಆದರೆ ನಮ್ಮ ಕಚೇರಿ ಆ ಹಾಳೆಯಲ್ಲಿ ಹೆಸರಿನ ಕಾಲಂ ತೆಗೆದು, ಅದೇ ಜಾಗದಲ್ಲಿ ಕೊಠಡಿ ಸಂಖ್ಯೆಯ ಕಾಲಂ ಮುದ್ರಿಸಿತ್ತು. ಎಲ್ಲ ಹಾಳೆಗಳಲ್ಲೂ ‘ಯಾವುದೇ ತೊಂದರೆ ಇಲ್ಲ’ ಎಂಬ ಒಂದೇ ಉತ್ತರ ಬಂದಿತ್ತು, ಅದರಲ್ಲಿ ಹನ್ನೊಂದು ಹಾಳೆಗಳು ಒಂದೇ ಕೈಬರಹದಲ್ಲಿದ್ದವು. ಇದನ್ನು ಸಭೆಯಲ್ಲಿ ತಿಳಿಸಿದಾಗ, ವಿದ್ಯಾರ್ಥಿಗಳಲ್ಲಿ ಪರಸ್ಪರ ಸಹಕಾರ ಮನೋಭಾವ ಬೆಳೆದಿರುವುದು ಸಂತಸದ ವಿಷಯವೆಂದು ನಡಾವಳಿಯಲ್ಲಿ ದಾಖಲಾಯಿತು.

ಎದುರಿನ ಮಹಿಳಾ ನಿಲಯದ ಕ್ಷೇಮಪಾಲಕಿಯ ಪಾಡು ಬೇರೆ. ಸುರಕ್ಷತೆಯ ನೆಪ ಹೇಳಿ ಹುಡುಗರಿಗಿಲ್ಲದ ನಿರ್ಬಂಧವನ್ನು ಹುಡುಗಿಯರ ಮೇಲೆ ಹೇರಕೂಡದೆಂದು ಲೈಂಗಿಕ ಕಿರುಕುಳ ತಡೆಯುವ ಸಲುವಾಗಿ ಆಯೋಗ ಮಾಡಿದ 2015ರ ನಿಯಮಗಳೇ ಹೇಳುತ್ತವೆ. 2022ರಲ್ಲಿ ಕೋಝಿಕ್ಕೋಡ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು ರಾತ್ರಿ 9.30ರ ನಂತರ ಹಾಸ್ಟೆಲಿನಿಂದ ಹೊರಹೋಗಬಾರದೆಂಬ ನಿರ್ಬಂಧವನ್ನು ಪ್ರಶ್ನಿಸಿದಾಗ, ಕೇರಳ ಹೈಕೋರ್ಟು, ತೊಂದರೆ ಕೊಡುವವರು ಗಂಡಸರಾದರೆ ಅವರನ್ನೇ ಕೂಡಿಹಾಕಬಹುದಲ್ಲ ಎಂಬರ್ಥದ ಮಾತನ್ನಾಡಿತು. ನಮ್ಮವರು ಈ ಮಾತಿನಿಂದ ಬಹಳ ಪ್ರಭಾವಿತರಾಗಿ ಸಮಾನತೆಯನ್ನು ಕೂಡಲೇ ಜಾರಿಗೆ ತಂದರು: ಹುಡುಗಿಯರ ಬೀಗ ತೆಗೆಯಲಿಲ್ಲ, ಹುಡುಗರ ಗೇಟಿಗೂ ಒಂದು ಬೀಗ ಕೊಂಡರು. ನನ್ನ ನಿಲಯದ ಹಿಂಬದಿಯ ಕಾಂಪೌಂಡು ಎತ್ತಿನಗಾಡಿ ನುಗ್ಗುವಷ್ಟು ಅಗಲಕ್ಕೆ ಕುಸಿದಿದ್ದು, ಅದರ ದುರಸ್ತಿ ಎಂಜಿನಿಯರಿಂಗ್ ವಿಭಾಗದ ವ್ಯಾಪ್ತಿಗೆ ಬರುವುದರಿಂದ, ರಾತ್ರಿ ಮುಂಬಾಗಿಲಿಗೆ ಬೀಗ ಹಾಕಿಸುವುದಷ್ಟೇ ನನ್ನ ಕರ್ತವ್ಯವಾಗಿತ್ತು.

ಇಷ್ಟೆಲ್ಲ ಮಾಡಿದ್ದಕ್ಕೆ ಬಡ್ತಿಯಲ್ಲಿ ಫಲವಿಲ್ಲವೇ ಎಂದರೆ, ಇದೆ. 2018ರ ನಿಯಮಗಳ ಮೌಲ್ಯಮಾಪನ ಕೋಷ್ಟಕದಲ್ಲಿ ವಾರ್ಡನ್‌ಗಿರಿಯನ್ನು ಹೆಸರು ಹಿಡಿದೇ ಒಂದು ‘ಚಟುವಟಿಕೆ’ ಎಂದು ಎಣಿಸಲಾಗಿದೆ. ವಿಚಾರ ಸಂಕಿರಣ ಏರ್ಪಡಿಸುವುದು ಕೂಡ ಒಂದು ಚಟುವಟಿಕೆಯೇ. ಮೂರು ಚಟುವಟಿಕೆಗಳಿದ್ದರೆ ‘ಉತ್ತಮ’, ಒಂದೆರಡಿದ್ದರೆ ‘ತೃಪ್ತಿಕರ’. ಹೀಗಾಗಿ ವರ್ಷದ 365 ರಾತ್ರಿಗಳನ್ನು ನಿಲಯದಲ್ಲಿ ಕಳೆದ ನಾನು, ಒಂದು ಮಧ್ಯಾಹ್ನ ಹಾರ ತುರಾಯಿಗಳನ್ನು ತರಿಸಿ ಅತಿಥಿಗಳಿಗೆ ಶಾಲು ಹೊದೆಸಿದ ನನ್ನ ಸಹೋದ್ಯೋಗಿಗೆ ಸರಿಸಮನಾಗಿ ತೃಪ್ತಿಕರನಾದೆ.

ಕ್ಷೇಮಪಾಲಕನ ಕೈಯಲ್ಲಿ ನಿಜವಾಗಿಯೂ ಅಧಿಕಾರವೆಂಬುದಿದ್ದರೆ ಅದು ಜಪ್ತಿಯ ಅಧಿಕಾರ. ಕೊಠಡಿಗಳಲ್ಲಿ ವಿದ್ಯುತ್ ಉಪಕರಣ ಇಟ್ಟುಕೊಳ್ಳಬಾರದೆಂಬ ಸುತ್ತೋಲೆಯನ್ವಯ ನಾನು ವಶಪಡಿಸಿಕೊಂಡ ಕೆಟಲ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆಗಳು ನನ್ನ ಕಚೇರಿಯ ಕಬ್ಬಿಣದ ಬೀರುವಿನಲ್ಲಿ ಕೊಠಡಿ ಸಂಖ್ಯೆಯ ಚೀಟಿ ಅಂಟಿಸಿಕೊಂಡು ಸಾಲಾಗಿ ಕುಳಿತಿದ್ದವು. ವಾರಕ್ಕೊಮ್ಮೆ ಅವುಗಳ ಪಟ್ಟಿಯನ್ನು ಮುಖ್ಯ ಕ್ಷೇಮಪಾಲಕರಿಗೆ ಕಳುಹಿಸಬೇಕಿತ್ತು. ವಿದ್ಯಾರ್ಥಿಗಳ ಪಟ್ಟಿಯನ್ನು ಅವರು ಒಮ್ಮೆಯೂ ಕೇಳಿದ್ದು ನೆನಪಿಲ್ಲ.

ಒಂದು ರಾತ್ರಿ ಎರಡೂವರೆಯ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಮೊದಲ ವರ್ಷದ ಹುಡುಗ. ಜ್ವರವೇನೂ ಇರಲಿಲ್ಲ, ಯಾರೂ ಹೊಡೆದಿರಲಿಲ್ಲ. ನಿದ್ದೆ ಬರುತ್ತಿಲ್ಲ ಸಾರ್ ಎಂದಷ್ಟೇ ಹೇಳಿ ನಿಂತುಕೊಂಡ. ಇಂಥದಕ್ಕೆ ಯಾವ ನಮೂನೆಯನ್ನು ಭರ್ತಿ ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಕಚೇರಿಯ ಬಾಗಿಲು ತೆಗೆದು, ಕೂತುಕೋ ಮಾರಾಯ ಎಂದು ಹೇಳಿ, ಬೀರುವಿನಿಂದ ಕೈಗೆ ಸಿಕ್ಕ ಒಂದು ಕೆಟಲ್ ತೆಗೆದು ಚಹಾಕ್ಕೆ ನೀರಿಟ್ಟೆ. ಹುಡುಗ ಅದನ್ನೇ ನೋಡುತ್ತಿದ್ದ. ನೀರು ಕುದಿಯಲು ಶುರುವಾದಾಗ ಮೆಲ್ಲಗೆ, “ಸಾರ್, ಮುಚ್ಚಳ ಸ್ವಲ್ಪ ಒತ್ತಿ ಹಿಡ್ಕೋಬೇಕು, ಇಲ್ಲದಿದ್ದರೆ ತಾನಾಗೇ ಆಫ್ ಆಗಲ್ಲ” ಎಂದ. ಚೀಟಿಯ ಮೇಲಿದ್ದದ್ದು ಅವನದೇ ಕೊಠಡಿಯ ಸಂಖ್ಯೆ.

ನಾಲ್ಕು ಗಂಟೆಯವರೆಗೆ ಮುಚ್ಚಳವನ್ನು ಸರದಿಯಲ್ಲಿ ಒತ್ತಿ ಹಿಡಿದುಕೊಂಡು ಕುಳಿತಿದ್ದೆವು. ಬೆಳಿಗ್ಗೆ ದೈನಂದಿನ ವರದಿಯ ಪುಸ್ತಕದಲ್ಲಿ ‘ವಿಶೇಷವೇನೂ ಇಲ್ಲ’ ಎಂದು ಬರೆದು ಸಹಿ ಮಾಡಿದೆ.