ಅಳಿಯನಂಥ ಸ್ಟೀಲರ್ಸ್, ಮನೆಮಗನಂಥ ಪೈರೇಟ್ಸ್

ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಇರುವವರು ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಸತ್ಯನಾರಾಯಣ ಪೂಜೆ ಇಟ್ಟುಕೊಳ್ಳಬಾರದು. ಸೆಪ್ಟೆಂಬರಿನಿಂದ ಹೊಸ ವರ್ಷದವರೆಗಂತೂ ಬೇಡವೇ ಬೇಡ. ಊರಿಂದ ಬಂದಿದ್ದ ನಮ್ಮತ್ತೆ ಪಂಚಾಂಗ ನೋಡಿ ದಿನ ಗೊತ್ತು ಮಾಡಿದರು. ಪಂಚಾಂಗದಲ್ಲಿ ರಾಹುಕಾಲ ಇರುತ್ತದೆ, ಊರಿನ ಫುಟ್‌ಬಾಲ್ ತಂಡ ಸ್ಟೀಲರ್ಸ್‌ನ ಮ್ಯಾಚ್ ಇರುವುದಿಲ್ಲ.

ಕಥೆ ಶುರುವಾಗುವ ಹೊತ್ತಿಗೆ ಬಂದ ಗಂಡಸರೆಲ್ಲ ಒಬ್ಬೊಬ್ಬರಾಗಿ ಬೇಸ್‌ಮೆಂಟಿಗೆ ಇಳಿದಿದ್ದರು. ಇತ್ತ ಪುರೋಹಿತರು "ಅಳಿಯನ ಸಮೇತ ಹಡಗು ನೀರಲ್ಲಿ ಮುಳುಗಿಹೋಯಿತು" ಎಂದು ಓದಿದರು. ಅತ್ತ ಕೆಳಗಿನಿಂದ ಶಿಳ್ಳೆ, ಚಪ್ಪಾಳೆ, ಕೇಕೆ. ಅತ್ತೆ ಬೆಚ್ಚಿಬಿದ್ದರು. ಪುರೋಹಿತರು ಮಾತ್ರ ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಮೆಲ್ಲಗೆ "ಟಚ್‌ಡೌನಾ?" ಅಂದರು. ಅವರು ಈ ಊರಿಗೆ ಬಂದು ಬಹಳ ವರ್ಷವಾಗಿದೆ. ಕೊನೆಗೆ ಸ್ಟೀಲರ್ಸ್ ಸೋತಿತು. "ಪ್ರಸಾದ ತಗೊಳ್ಳದೆ ಇಳಿದುಹೋದರಲ್ಲ, ಇನ್ನೇನಾಗತ್ತೆ?" ಅಂದರು ಅತ್ತೆ. ಕಥೆಯಲ್ಲೂ ಹಡಗು ಮುಳುಗಿದ್ದು ಅದಕ್ಕೇ. ಹಾಗಾಗಿ ಯಾರೂ ಎದುರಾಡಲಿಲ್ಲ.

ಈ ಊರಲ್ಲಿ ಫುಟ್‌ಬಾಲಿಗೆ ಸ್ಟೀಲರ್ಸ್, ಬೇಸ್‌ಬಾಲಿಗೆ ಪೈರೇಟ್ಸ್. ಇಲ್ಲಿಯ ಫುಟ್‌ಬಾಲ್ ಎಂದರೆ ಚೆಂಡನ್ನು ಕಂಕುಳಲ್ಲಿಟ್ಟು ಓಡುವ ಆಟ. ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್. ಎರಡೂ ತಂಡಕ್ಕೆ ಕಪ್ಪು-ಹಳದಿ ಬಣ್ಣ. ಎರಡರ ಕ್ರೀಡಾಂಗಣವೂ 2001ರಲ್ಲೇ, ನದಿಯ ಒಂದೇ ದಡದಲ್ಲಿ ತೆರೆದವು. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಆದರೆ ಜನರ ಪ್ರೀತಿಯ ಲೆಕ್ಕದಲ್ಲಿ ಒಬ್ಬ ಅಳಿಯ, ಇನ್ನೊಬ್ಬ ಮನೆಮಗ. ಸ್ಟೀಲರ್ಸ್ ಊರಲ್ಲಿ ಲೀಗ್ ಮ್ಯಾಚ್ ಆಡುವುದು ವರ್ಷಕ್ಕೆ ಎಂಟೋ ಒಂಬತ್ತೋ ಸಲ. ಅಳಿಯ ಹಬ್ಬಕ್ಕೆ ಬಂದ ಹಾಗೆ ಊರಿಗೆ ಊರೇ ಸಡಗರ. ಪೈರೇಟ್ಸ್ 81 ದಿನ ಇಲ್ಲೇ ಆಡುತ್ತದೆ. ದಿನಾ ಕಣ್ಣೆದುರಿಗಿರುವ ಮಗನನ್ನು ಊಟ ಆಯ್ತಾ ಅಂತಲೂ ಯಾರೂ ಕೇಳುವುದಿಲ್ಲ. ಸ್ಟೀಲರ್ಸ್ ಸೀಸನ್ ಟಿಕೆಟ್ಟಿಗೆ ವರ್ಷಗಟ್ಟಲೆ ಕಾಯಬೇಕು. ಪೈರೇಟ್ಸ್ ಟಿಕೆಟ್ಟನ್ನು ಆಫೀಸಲ್ಲಿ ಯಾರಾದರೂ ಸುಮ್ನೆ ಕೊಟ್ಟುಬಿಡುತ್ತಾರೆ. ತಗೊಂಡರೆ ಅವರೇ ಥ್ಯಾಂಕ್ಸ್ ಹೇಳುತ್ತಾರೆ.

ಅಳಿಯನ ಸತ್ಕಾರಕ್ಕೆ ಒಂದು ಹಳದಿ ಟವೆಲ್ ಬೇರೆ ಇದೆ. ಹೆಸರು ಟೆರಿಬಲ್ ಟವೆಲ್. ರೇಡಿಯೋದಲ್ಲಿ ಕಾಮೆಂಟರಿ ಹೇಳುತ್ತಿದ್ದ ಮೈರನ್ ಕೋಪ್ 1975ರಲ್ಲಿ ಶುರು ಮಾಡಿದ್ದು. ಮುಂದೆ 1996ರಲ್ಲಿ ಅದರ ಹಕ್ಕನ್ನೇ ಅವರು ತಮ್ಮ ಮಗನಿದ್ದ ವಿಶೇಷ ಶಾಲೆಗೆ ಬರೆದುಕೊಟ್ಟರು. ಒಂದು ಟವೆಲ್ ಅಷ್ಟು ದೊಡ್ಡ ಕೆಲಸ ಮಾಡಿದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ನಮ್ಮ ಮನೆಯವರು ತಮ್ಮ ಟವೆಲನ್ನು ಒಗೆಯಲು ಬಿಡುವುದಿಲ್ಲ. ಒಗೆದರೆ ಅದೃಷ್ಟ ಹೋಗುತ್ತದಂತೆ. ಒಂದು ಬೆಳಿಗ್ಗೆ ನೋಡಿದರೆ ಅತ್ತೆ ಅದನ್ನೇ ಮಸಿಬಟ್ಟೆ ಮಾಡಿಕೊಂಡು, ಕುದಿಯುವ ಹುಳಿಯ ಪಾತ್ರೆ ಇಳಿಸುತ್ತಿದ್ದರು. ಟವೆಲಿನ ಅಂಚಿಗೆ ಒಂದು ಕರಿಬೇವು ಅಂಟಿತ್ತು. ಮಗನ ಬಾಯಿಂದ ಮಾತೇ ಹೊರಡಲಿಲ್ಲ. "ಅರಿಶಿನದ ಕಲೆ ಕಾಣಲ್ಲ ಅಂತ ತಗೊಂಡೆ ಕಣೋ" ಅಂದರು ಅತ್ತೆ. ಅವತ್ತು ಸ್ಟೀಲರ್ಸ್ ಗೆದ್ದುಬಿಟ್ಟಿತು. ಅಂದಿನಿಂದ ಮ್ಯಾಚ್ ಇರುವ ದಿನ ನಮ್ಮ ಮನೆಯಲ್ಲಿ ಹುಳಿಯೇ. ಸಾರು ಮಾಡುವ ಹಾಗಿಲ್ಲ.

ಇನ್ನು ಮನೆಮಗನ ಪಾಡು. 1992ರ ಅಕ್ಟೋಬರಿನಲ್ಲಿ ಪೈರೇಟ್ಸ್ ವರ್ಲ್ಡ್ ಸೀರೀಸ್‌ನ, ಅಂದರೆ ಬೇಸ್‌ಬಾಲಿನ ಫೈನಲ್ಲಿನ, ಬಾಗಿಲಲ್ಲಿ ನಿಂತಿತ್ತು. ಅಟ್ಲಾಂಟಾದಲ್ಲಿ ಸೆಮಿಫೈನಲ್ ಸರಣಿಯ ಏಳನೇ, ಕೊನೆಯ ಮ್ಯಾಚು, ಅದರಲ್ಲೂ ಕೊನೆಯ ಇನಿಂಗ್ಸ್. ಎದುರು ತಂಡದ ಸಿಡ್ ಬ್ರೀಮ್, ಮಂಡಿ ನೋವಿನ ನಿಧಾನದ ಓಟಗಾರ, ಹಿಂದೆ ಪೈರೇಟ್ಸ್‌ನಲ್ಲೇ ಆಡಿದವರು, ಜಾರಿಕೊಂಡು ಬಂದು ಗೆಲುವಿನ ರನ್ ಮುಟ್ಟಿಸಿಬಿಟ್ಟರು. ಆಮೇಲೆ 1993ರಿಂದ 2012ರವರೆಗೆ ಸತತ 20 ವರ್ಷ ಗೆಲುವಿಗಿಂತ ಸೋಲೇ ಜಾಸ್ತಿ. ಪಕ್ಕದ ಮನೆ ಅಜ್ಜ ಬ್ರೀಮ್ ಹೆಸರನ್ನು ಈಗಲೂ ಆಸ್ತಿ ಲಪಟಾಯಿಸಿದ ದಾಯಾದಿಯ ಹೆಸರು ಹೇಳುವ ಧಾಟಿಯಲ್ಲೇ ಹೇಳುತ್ತಾರೆ.

2013ರಲ್ಲಿ ಕೊನೆಗೂ ಪ್ಲೇಆಫ್ ಬಂತು. ಎದುರಾಳಿ ಸಿನ್ಸಿನಾಟಿಯ ಪಿಚರ್, ಅಂದರೆ ಚೆಂಡೆಸೆಯುವವರು, ಜಾನಿ ಕ್ವೇಟೊ. ಕಪ್ಪು ಬಟ್ಟೆ ಹಾಕಿಕೊಂಡು ಬಂದ ಜನ "ಕ್ವೇಏಏ...ಟೊ" ಅಂತ ರಾಗ ಎಳೆಯತೊಡಗಿದರು. ಆತನ ಕೈಯಿಂದ ಚೆಂಡು ಜಾರಿ ಕೆಳಗೆ ಬಿತ್ತು. ಮುಂದಿನ ಎಸೆತಕ್ಕೇ ಪೈರೇಟ್ಸ್‌ನ ರಸೆಲ್ ಮಾರ್ಟಿನ್ ನಮ್ಮ ಸಿಕ್ಸರಿನಂಥ ಹೋಮ್‌ರನ್ ಹೊಡೆದರು. 20 ವರ್ಷ ಬಾಯಿ ಮುಚ್ಚಿಕೊಂಡಿದ್ದವರು ಒಟ್ಟಿಗೆ ಬಾಯಿ ತೆರೆದರೆ ಹಾಗೇ ಆಗುವುದು. ಆರ್‌ಸಿಬಿಯ ಕಪ್ಪಿಗೆ 2008ರಿಂದ 2025ರವರೆಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಪೈರೇಟ್ಸ್‌ಗಾದರೋ 1979ರ ನಂತರ ಕಪ್ಪೇ ಇಲ್ಲ.

ನನಗೆ ಸೋಜಿಗ ಅನಿಸುವುದು ಜನರ ಸಿಟ್ಟು. ಸ್ಟೀಲರ್ಸ್ ಆರು ಸೂಪರ್ ಬೌಲ್, ಅಂದರೆ ಫುಟ್‌ಬಾಲಿನ ಫೈನಲ್, ಗೆದ್ದ ತಂಡ. 2004ರಿಂದ 2024ರವರೆಗೆ ಒಂದು ವರ್ಷವೂ ಸೋಲು ಗೆಲುವಿಗಿಂತ ಜಾಸ್ತಿ ಆಗಿಲ್ಲ. ಆದರೂ ಒಂದು ಮ್ಯಾಚ್ ಸೋತರೆ ಸೋಮವಾರ ಆಫೀಸಲ್ಲಿ ಸೂತಕ. ಕೋಚನ್ನು ಕಿತ್ತುಹಾಕಿ ಅನ್ನುವವರೇ ಎಲ್ಲ. ಅದೇ ಪೈರೇಟ್ಸ್ ಸೋತರೆ ಆಟಗಾರರ ಮೇಲೆ ಯಾರಿಗೂ ಕೋಪವಿಲ್ಲ, "ಪಾಪ" ಅಂತಾರೆ. ಕೋಪವೇನಿದ್ದರೂ ಮಾಲೀಕರ ಮೇಲೆ. 2025ರಲ್ಲಿ ಮೈದಾನದಲ್ಲೇ "ತಂಡ ಮಾರಿ" ಅಂತ ಘೋಷಣೆ ಕೂಗಿದರು. ನನ್ನ ಕೇಳಿದರೆ ಬಯ್ಯಿಸಿಕೊಳ್ಳುವುದೇ ವಾಸಿ. "ಪಾಪ" ಅನ್ನಿಸಿಕೊಂಡವರ ಮೇಲೆ ಯಾರೂ ಆಸೆ ಇಟ್ಟಿರುವುದಿಲ್ಲ.

ಆದರೆ ಪಕ್ಕದ ಮನೆ ಅಜ್ಜ ಇದನ್ನು ಒಪ್ಪುವುದಿಲ್ಲ. ಅವರಿಗೆ ಸಂಜೆ ನದಿಯ ಗಾಳಿ, ಎದುರಿಗೆ ಸೇತುವೆ, ಕೈಯಲ್ಲಿ ಕಡಲೆಕಾಯಿ ಇದ್ದರೆ ಸಾಕು. ಜೊತೆಗೆ ಪಿಯರೋಗಿ ಓಟ. ಪಿಯರೋಗಿ ಎಂದರೆ ಆಲೂಗಡ್ಡೆ ತುಂಬಿದ ಇಲ್ಲಿಯ ಕಡುಬು. ಮ್ಯಾಚಿನ ನಡುವೆ ಆಳೆತ್ತರದ ಕಡುಬಿನ ವೇಷ ಹಾಕಿದವರು ಮೈದಾನದಲ್ಲಿ ಓಡುತ್ತಾರೆ. ಚೀಸ್ ಚೆಸ್ಟರ್, ಆಲಿವರ್ ಆನಿಯನ್ ಅಂತ ಒಂದೊಂದಕ್ಕೂ ಹೆಸರಿದೆ. ಹೋದ ಬೇಸಿಗೆಯಲ್ಲಿ ಅಜ್ಜ ಮ್ಯಾಚ್ ಮುಗಿಸಿಕೊಂಡು ಖುಷಿಯಾಗಿ ಬರುತ್ತಿದ್ದರು. ಯಾರು ಗೆದ್ದರು ಎಂದು ಕೇಳಿದೆ.

"ಹಲಪೇನ್ಯೊ ಹ್ಯಾನಾ!" ಅಂದರು.

"ಅಲ್ಲ, ಮ್ಯಾಚು?"

"ಓ, ಅದಾ? ಅದು ನಾಳೆನೂ ಇದೆ."