ಹಚ್ಚೋದಕ್ಕೆ ಟ್ರಯಲ್, ಆರಿಸೋದಕ್ಕೆ ಸೊಪ್ಪು

ಫೆಬ್ರವರಿ ಬಂತು ಅಂದರೆ ಹಾಸನದ ಟೆರೇಸ್‌ಗಳ ಮೇಲೆ ಹೊಗೆ ಏಳುತ್ತದೆ. ಗಾಬರಿ ಬೇಡ. ವಾರಾಂತ್ಯಕ್ಕೆ ಚಿಕ್ಕಮಗಳೂರಿನ ಗಿರಿ ಕಡೆ ಕ್ಯಾಂಪಿಂಗ್ ಹೊರಟ ಹುಡುಗರು ಸೌದೆ ಹೊತ್ತಿಸಲು ಮನೆಯಲ್ಲೇ ಮಾಡಿದ ಫೈರ್ ಸ್ಟಾರ್ಟರ್‌ಗಳ ಟ್ರಯಲ್ ನಡೆಸುತ್ತಿದ್ದಾರೆ, ಅಷ್ಟೇ. ವ್ಯಾಸಲೀನ್ ಮೆತ್ತಿದ ಹತ್ತಿ ಉಂಡೆ, ಮೊಟ್ಟೆ ಟ್ರೇ ಗುಳಿಯಲ್ಲಿ ಮರದ ಹೊಟ್ಟು ತುಂಬಿ ಮೇಣ ಹುಯ್ದದ್ದು, ಅಮ್ಮನ ಪೂಜೆ ಡಬ್ಬಿಯಿಂದ ಎಗರಿಸಿದ ಕರ್ಪೂರ. ಒಬ್ಬ ಹಚ್ಚುತ್ತಾನೆ, ಒಬ್ಬ ಟೈಮ್ ನೋಡುತ್ತಾನೆ, ಮಿಕ್ಕವರೆಲ್ಲ ರೀಲ್ ಮಾಡುತ್ತಾರೆ.

ಗೆಲ್ಲುವುದು ಹತ್ತಿ ಉಂಡೆ. ವ್ಯಾಸಲೀನ್ ಕರಗಿ ಎಳೆ ಹಿಡಿದು ಮೇಲೆ ಬರುತ್ತದೆ, ಹತ್ತಿಯೇ ಬತ್ತಿಯಾಗಿ ನಿಮಿಷಗಟ್ಟಲೆ ಉರಿಯುತ್ತದೆ. ದೇವರ ಮನೆಯ ದೀಪ ದಿನಾ ಮಾಡುವುದೂ ಇದನ್ನೇ, ಪಾಪ, ಅದಕ್ಕೆ ಯಾರೂ ಲೈಕ್ ಒತ್ತಿಲ್ಲ. ಕರ್ಪೂರ ಬೇಗ ಹತ್ತುತ್ತದೆ ನಿಜ, ಆದರೆ ಡಬ್ಬಿ ಮುಚ್ಚಳ ಸಡಿಲ ಇದ್ದರೆ ಹೊರಡುವ ದಿನದೊಳಗೆ ಅರ್ಧ ಗಾಳಿಗೆ ಹೋಗಿರುತ್ತದೆ.

ಇಷ್ಟೆಲ್ಲ ಸರ್ಕಸ್ ನಿಜವಾಗಿ ಬೇಕಾಗುವುದು ಆಷಾಢದಲ್ಲಿ, ಸಕಲೇಶಪುರದ ಕಡೆ ಸೌದೆ ನೀರು ಕುಡಿದು ಊದಿ ಊದಿ ಕಣ್ಣು ಕೆಂಪಾದರೂ ಒಲೆ ಹತ್ತದಿರುವಾಗ. ಆಗ ಈ ವೀರರು ಬರುವುದಿಲ್ಲ, ಜಿಗಣೆ ಇರುತ್ತದಲ್ವಾ! ಬರುವುದು ಬೆಟ್ಟದ ಹುಲ್ಲೆಲ್ಲ ಒಣಗಿ ಸರಸರ ಅನ್ನುವಾಗ, ಒಂದು ಬೀಡಿ ತುಂಡು ಬಿದ್ದರೂ ಗುಡ್ಡಕ್ಕೆ ಗುಡ್ಡವೇ ಹತ್ತಿಕೊಳ್ಳುವ ಕಾಲಕ್ಕೆ. ಅಂಥ ಜಾಗಕ್ಕೆ, ಎಂಥ ಗಾಳಿ ಬೀಸಿದರೂ ಆರಲ್ಲ ಅಂತ ಟೆಸ್ಟ್ ಮಾಡಿ ಪಾಸಾದ ಉಂಡೆ ಹೊತ್ತುಕೊಂಡು ಹೋಗುತ್ತಾರೆ.

ಅಲ್ಲಿ ಅರಣ್ಯ ಇಲಾಖೆಯವರು ಬೇಸಿಗೆಗೆ ಮೊದಲೇ ಬೆಂಕಿ ದಾಟದಂತೆ ಪಟ್ಟಿಯಾಗಿ ಹುಲ್ಲು ತೆಗೆದು ಬೆಂಕಿ ರೇಖೆ ಮಾಡಿ, ಕಾವಲಿಗೆ ಜನ ಇಟ್ಟು, ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುತ್ತಾರೆ. ಬೆಂಕಿ ಬಿದ್ದರೆ ಆ ಕಾವಲಿನವರು ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿದು ಬಡಿದು ಆರಿಸಬೇಕು, ಹೊಗೆ ಕುಡಿದುಕೊಂಡು, ಇಳಿಜಾರಿನಲ್ಲಿ ಕಾಲು ಜಾರಿಸಿಕೊಂಡು. ಹೌದು, ಸೊಪ್ಪು. ಪ್ರಯೋಗ, ರಿಸರ್ಚು ಎಲ್ಲಾ ಹಚ್ಚುವ ಕಡೆಗೇ ಖರ್ಚಾಗಿಬಿಟ್ಟಿದೆ.

ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ ಕಣ್ರಪ್ಪಾ ಅಂದರೆ, "ಇಲ್ಲ ಅಂಕಲ್, ನಮ್ದು ಕೆಮಿಕಲ್ ಇಲ್ಲ, ತೆಂಗಿನ ನಾರು, ಪೂರ್ತಿ ಇಕೋ ಫ್ರೆಂಡ್ಲಿ" ಅಂತಾರೆ. ಸುಡುವ ಹುಲ್ಲಿಗೂ ಇದನ್ನು ತಿಳಿಸಿದರೆ ಸಮಾಧಾನವಾದೀತು.

ಪ್ಯಾಕಿಂಗ್ ಮಾತ್ರ ಬಲು ಶಿಸ್ತು. ಉಂಡೆ ಡಬ್ಬಿ, ಎರಡು ಲೈಟರ್, ಅವು ಕೈಕೊಟ್ಟರೆ ಬೆಂಕಿಪೊಟ್ಟಣ, ಬ್ಲೂಟೂತ್ ಸ್ಪೀಕರ್, ಬಿರಿಯಾನಿ ಪಾತ್ರೆ. ನೀರಿನ ಕ್ಯಾನೂ ಲಿಸ್ಟಿನಲ್ಲಿತ್ತು. ಡಿಕ್ಕಿ ಬಾಗಿಲು ಮುಚ್ಚಲಿಲ್ಲ ಅಂತ ಅದೊಂದನ್ನು ಕೆಳಗಿಳಿಸಿದರು.