ಟವರ್ ಬೇಡ, ಸಿಗ್ನಲ್ ಫುಲ್ ಇರಲಿ

ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ಈಗ ಎರಡೇ ಬೇಡಿಕೆ. ಮೂರನೇ ಕ್ರಾಸಿನ ತಾರಸಿ ಮೇಲಿರುವ ಮೊಬೈಲ್ ಟವರ್ ತಕ್ಷಣ ತೆಗೆಯಬೇಕು. ಮೂರನೇ ಕ್ರಾಸಿನಲ್ಲಿ ಕಾಲ್ ಕಟ್ ಆಗಬಾರದು. ಎರಡೂ ಒಂದೇ ಲೆಟರ್‌ಹೆಡ್‌ನಲ್ಲಿ ಹೋಗಿವೆ.

ತುರ್ತು ಸಭೆಗೆ ಅಧ್ಯಕ್ಷರು ಫೋನನ್ನು ಕಿವಿಗೆ ಒತ್ತಿಕೊಂಡೇ ಬಂದರು. "ರೇಡಿಯೇಷನ್ ಮೀಟಿಂಗಲ್ಲಿದ್ದೀನಿ, ಆಮೇಲೆ ಮಾತಾಡ್ತೀನಿ" ಅನ್ನೋಕೆ ಅವರಿಗೆ ಇಪ್ಪತ್ತು ನಿಮಿಷ ಬೇಕಾಯಿತು.

ದೂರದ ಟವರ್‌ಗಿಂತ ಕಿವಿಗಂಟಿದ ಫೋನಿನ ತರಂಗವೇ ನಮಗೆ ಜಾಸ್ತಿ ತಾಗೋದು. ಅದೂ ಸಿಗ್ನಲ್ ಕಮ್ಮಿ ಇದ್ದಾಗ. ಹೊಲದ ಆ ಬದುವಿನಲ್ಲಿ ಇರೋರನ್ನ ಕರೆಯುವಾಗ ಗಂಟಲು ಹರಿಯೋ ಹಾಗೆ ಕೂಗ್ತೀವಲ್ಲ, ಫೋನೂ ಹಾಗೇ. ಟವರ್ ದೂರ ಹೋದಷ್ಟೂ ಅದು ಪವರ್ ಏರಿಸುತ್ತದೆ. ಇದನ್ನು ಹೇಳಿದ ಎಂಜಿನಿಯರಿಂಗ್ ಹುಡುಗನನ್ನು "ಕಂಪನಿ ಕಡೆಯವನು" ಅಂತ ಕೂರಿಸಿದರು.

ಖಜಾಂಚಿ ವಾಟ್ಸಾಪ್ ನೋಡಿಕೊಂಡು ಓದಿದರು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲೇ ಈ ತರಂಗಗಳನ್ನು 2ಬಿ ಗುಂಪಿಗೆ ಸೇರಿಸಿದೆ! ನಿಜವೇ. 2ಬಿ ಅಂದರೆ ಕ್ಯಾನ್ಸರ್ ತರಬಹುದೇನೋ ಅನ್ನುವ ಅನುಮಾನ, ಸಾಬೀತಾದದ್ದಲ್ಲ. ಲೋಳೆಸರದ ಇಡೀ ಎಲೆಯ ಸಾರವೂ ಆಮೇಲೆ ಅದೇ ಗುಂಪು ಸೇರಿತು. ಖಜಾಂಚಿ ದಿನಾ ವಾಕಿಂಗ್ ಮುಗಿಸಿ ಪಾರ್ಕ್ ಗೇಟಲ್ಲಿ ಕುಡಿಯೋದು ಲೋಳೆಸರದ ಜ್ಯೂಸ್. ದೊಡ್ಡ ಲೋಟ. ಅದರ ವಿರುದ್ಧ ಇನ್ನೂ ಸಭೆ ಕರೆದಿಲ್ಲ.

ಆಮೇಲೆ ಸ್ಟಿಕ್ಕರ್ ಮಾರುವವನು ಬಂದ. ಫೋನಿನ ಬೆನ್ನಿಗೆ ಅಂಟಿಸಿದರೆ ರೇಡಿಯೇಷನ್ ಮಾಯ. ಅವನನ್ನು ಯಾಕೆ ಬೈಯಬೇಕು? 2020ರಲ್ಲಿ ಗೋವುಗಳಿಗಾಗಿ ಕೇಂದ್ರ ಸರ್ಕಾರ ಮಾಡಿದ್ದ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರೇ ಸಗಣಿಯ ಚಿಪ್ ಹಿಡಿದು ಇದನ್ನೇ ಹೇಳಿರಲಿಲ್ವಾ? ನೂರಾರು ವಿಜ್ಞಾನಿಗಳು ಪುರಾವೆ ಕೊಡಿ ಅಂತ ಪತ್ರ ಬರೆಯಬೇಕಾಯಿತು. ಸ್ಟಿಕ್ಕರ್ ನಿಜವಾಗ್ಲೂ ತರಂಗ ತಡೆದರೆ ಫೋನು ಟವರ್ ಸಿಗದೆ ಇನ್ನೂ ಪವರ್ ಏರಿಸುತ್ತೆ. ಹಾಗಾಗಿ ಕೆಲಸ ಮಾಡದ ಸ್ಟಿಕ್ಕರ್ರೇ ವಾಸಿ. ನಮ್ಮವರು ಅದನ್ನೇ ಕೊಂಡರು, ಮನೆಗೆ ನಾಲ್ಕರಂತೆ.

ಸ್ಪೀಕರ್ ಹಾಕಿ ಮಾತಾಡಿ, ಇಯರ್‌ಫೋನ್ ಬಳಸಿ, ದಿಂಬಿನ ಕೆಳಗೆ ಫೋನ್ ಇಡಬೇಡಿ ಅನ್ನೋದಕ್ಕೆಲ್ಲ ಯಾರೂ ಕಿವಿ ಕೊಡಲಿಲ್ಲ. ಪುಕ್ಕಟೆ ಸಲಹೆ ನೋಡಿ. *#07# ಒತ್ತಿದರೆ ಫೋನಿನ ಎಸ್‌ಎಆರ್ ಮೌಲ್ಯ, ಅಂದರೆ ಅದರ ತರಂಗದ ಶಕ್ತಿಯನ್ನು ನಮ್ಮ ಮೈ ಎಷ್ಟು ಹೀರುತ್ತೆ ಅನ್ನೋ ಲೆಕ್ಕ, ಕಾಣುತ್ತದೆ, ಅದು ಕಿಲೋಗೆ 1.6 ವಾಟ್ ದಾಟಬಾರದು ಅಂತ ಹುಡುಗ ಮತ್ತೆ ಎದ್ದ. "ಒತ್ತಬೇಡಿ, ಬ್ಯಾಂಕಲ್ಲಿರೋ ದುಡ್ಡು ಹೋಗುತ್ತೆ" ಅಂತ ಹಿಂದಿನಿಂದ ಯಾರೋ ಕೂಗಿದರು.

ಕೊನೆಗೆ ಅವನು ಕೈ ಮುಗಿದ. "ಅಂಕಲ್, ತರಂಗ್ ಸಂಚಾರ್ ಅಂತ ಸರ್ಕಾರದ್ದೇ ಪೋರ್ಟಲ್ ಇದೆ. ದುಡ್ಡು ಕಟ್ಟಿದರೆ ಬಂದು ಅಳೆದು ಕೊಡ್ತಾರೆ. 2012ರಲ್ಲಿ ನಮ್ಮ ದೇಶ ಟವರ್‌ಗಳ ರೇಡಿಯೇಷನ್ ಮಿತಿಯನ್ನ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದೆ. ಅದಕ್ಕಿಂತ ಜಾಸ್ತಿ ಬಂದರೆ ನಾನೇ ಧರಣಿಗೆ ಕೂರ್ತೀನಿ."

ಅಧ್ಯಕ್ಷರು ಯೋಚಿಸಿದರು. "ಕಮ್ಮಿ ಬಂದರೆ ಏನಪ್ಪಾ ಮಾಡೋದು? ಬ್ಯಾನರ್ ಪ್ರಿಂಟ್ ಆಗಿ ಬಂದಿದೆ."